ಹಳೆಯ ಪ್ರತಿಗಳು ಹಾಗೇ ಇರುತ್ತವೆ

‘ಹೆದರಬೇಡಿ, ಹಳೆಯ ಪ್ರತಿಗಳು ಹಾಗೇ ಇರುತ್ತವೆ’ ಎಂದು ಪುಸ್ತಕ ಬರೆಯುವ ‘ಪೆರೊ’ ತಂತ್ರಾಂಶದ ಸಹಾಯ ಪುಟ ಹೇಳಿತ್ತು. ವೆಲಿಕಾ ಗುಂಡಿ ಒತ್ತಿದಳು. ಹಳೆಯ ಪ್ರತಿಗಳು ಇರಲಿಲ್ಲ. ಸತ್ತ ಹೆಂಗಸರ ಮಾತುಗಳೂ ಬದುಕಿರುವ ಹೆಂಗಸರ ಮಾತುಗಳೂ ಅಳಿಸಿಹೋದವು. ಅವಳು ಬರೆದು ಕಳಿಸಿದ ದೂರಿನ ಮೇಲೆ ರಾಜಧಾನಿ ಸೋಫಿಯಾದಲ್ಲಿ ಕೂತವರು ‘ಬಳಸಿದವರ ತಪ್ಪು’ ಎಂದು ಗುರುತು ಹಾಕಿ ಮುಚ್ಚಿದರು.

ವೆಲಿಕಾ ನಮ್ಮ ಗಾಬ್ರೊವೊ ಊರಿನಲ್ಲಿ ಕಿಟಕಿ ಪರದೆ ಹೊಲಿಯುವವಳು. ಅದಕ್ಕೂ ಮೊದಲು ಯಾಂತ್ರಾ ಹೊಳೆಯ ದಂಡೆಯ ಉಣ್ಣೆ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದಳು. ಗಿರಣಿ ಮುಚ್ಚಿತು, ಯಂತ್ರಗಳು ಗುಜರಿಗೆ ಹೋದವು, ಕಟ್ಟಡದಲ್ಲಿ ಈಗ ಸೋಫಾ ಮಾರುತ್ತಾರೆ. ಅಲ್ಲಿ ದುಡಿದ ಹೆಂಗಸರು ಊರಿನ ಎತ್ತರದ ವಸತಿ ಕಟ್ಟಡಗಳಲ್ಲಿ ಚದುರಿ ಹೋಗಿದ್ದರು. ಭಾನುವಾರ ಭಾನುವಾರ ವೆಲಿಕಾ ಒಬ್ಬೊಬ್ಬರ ಮನೆಗೆ ಹೋಗಿ, ಅವರು ಕೊಟ್ಟ ಕಾಫಿ ಆರುವವರೆಗೂ ಕೇಳಿಸಿಕೊಂಡು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅವರು ಆಡಿದ ಹಾಗೆಯೇ ಬರೆದುಕೊಂಡಿದ್ದಳು. ಯಾರೂ ಹೆಸರು ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಹೀಗಾಗಿ ಎಲ್ಲ ಕಡತಗಳಿಗೂ ಅವಳು ಕೊಟ್ಟ ತಲೆಬರಹ ಒಂದೇ: ‘ಗಿರಣಿಯ ಹೆಂಗಸು’.

ಪುಸ್ತಕವಾಗುವಷ್ಟು ಮಾತು ಸೇರಿದ ಮೇಲೆ, ಬಿಡಿ ಕಡತಗಳನ್ನು ಒಂದಾಗಿಸುವುದು ಹೇಗೆಂದು ಅವಳು ಪೆರೊದ ಒಳಗೇ ತೆರೆದುಕೊಳ್ಳುವ ಸಹಾಯ ಪುಟ ನೋಡಿದಳು. ‘ಅಧ್ಯಾಯಗಳನ್ನು ಜೋಡಿಸು’ ಒತ್ತಿ ಎಂದಿತು. ಒತ್ತಿದಳು. ಒಂದೇ ತಲೆಬರಹದ ಅಧ್ಯಾಯಗಳನ್ನು ಪೆರೊ ಒಂದೇ ಅಧ್ಯಾಯ ಎಂದುಕೊಂಡಿತು. ಒಬ್ಬಳ ಮಾತಿನ ಮೇಲೆ ಇನ್ನೊಬ್ಬಳ ಮಾತನ್ನು, ಅದರ ಮೇಲೆ ಮತ್ತೊಬ್ಬಳದನ್ನು ಬರೆಯುತ್ತಾ ಹೋಗಿ ಕೊನೆಯವಳನ್ನು ಮಾತ್ರ ಉಳಿಸಿತು. ಬಿಡಿ ಕಡತಗಳು ಇದ್ದ ಜಾಗ ಖಾಲಿಯಾಗಿತ್ತು.

ಆ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು. ‘ಬರೆದವರು: ಗಾಬ್ರೊವೊ ಓದುಮನೆಯ ಸ್ವಯಂಸೇವಕರು.’ ಒಂದು ಶನಿವಾರ ಮಧ್ಯಾಹ್ನ ವೆಲಿಕಾ ಲ್ಯಾಪ್‌ಟಾಪನ್ನು ಪರದೆ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಳು.

ನಮ್ಮ ಓದುಮನೆಯ ಕೆಳಗೆ ಪುಸ್ತಕಗಳು, ನಡುವಿನ ಮಹಡಿಯಲ್ಲಿ ಕುಣಿತದ ತರಗತಿ, ಮೇಲಿನ ಕೋಣೆಯಲ್ಲಿ ನಾವು. ಪೆರೊಗೆ ಒಡೆಯರಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಯಾರು ಬೇಕಾದರೂ ಕಟ್ಟಲು ಕೈಹಾಕಬಹುದು. ಬೇರೆ ಬೇರೆ ದೇಶಗಳ ಪ್ರೋಗ್ರಾಮರ್‌ಗಳು ಅದನ್ನು ಕಟ್ಟುತ್ತಾರೆ. ಸಹಾಯ ಪುಟಗಳನ್ನು ಮಾತ್ರ ನಮ್ಮಂಥವರು ಸಂಬಳವಿಲ್ಲದೆ, ರಜೆಯ ದಿನ ಕೂತು ಬರೆಯುತ್ತೇವೆ. ರಾಲಿತ್ಸಾ ದಂತದ ಪ್ರಯೋಗಶಾಲೆಯಲ್ಲಿ ಕಟ್ಟುಹಲ್ಲು ಮಾಡುವವಳು. ಬಾಯ್ ಗಾಂಚೊ ಶಾಲೆಯಲ್ಲಿ ಭೂಗೋಳ ಹೇಳಿ ನಿವೃತ್ತನಾದವನು. ಊರೆಲ್ಲ ಅವನ ಶಿಷ್ಯರು, ಊರಿಗೆಲ್ಲ ಅವನು ‘ಬಾಯ್’, ಅಣ್ಣ. ಆ ದಿನ ಅವನು ಹೆಂಡತಿ ಕಟ್ಟಿಕೊಟ್ಟ ಬಾನಿತ್ಸಾ ಬಿಚ್ಚುತ್ತಿದ್ದ. ಚೀಸ್ ತುಂಬಿದ ಪದರು ಪದರಿನ ರೊಟ್ಟಿ, ಕೋಣೆಯೆಲ್ಲ ಬೆಣ್ಣೆಯ ಘಮ.

“ಈ ಪುಟ ಬರೆದೋರು ಯಾರು?” ಎಂದು ವೆಲಿಕಾ ಬಾಗಿಲಲ್ಲೇ ನಿಂತು ಕೇಳಿದಳು.

“ಮೊದ್ಲು ಕೂತ್ಕೊಳ್ಳಿ. ಬಾನಿತ್ಸಾ ತಗೊಳ್ಳಿ, ಇನ್ನೂ ಬಿಸಿ ಇದೆ,” ಅಂದ ಗಾಂಚೊ.

“ತಿನ್ನೋಕೆ ಬಂದಿಲ್ಲ ನಾನು.”

ನಡೆದದ್ದನ್ನು ಹೇಳಿದಳು. ಅಳಲಿಲ್ಲ, ದನಿ ಎತ್ತಲಿಲ್ಲ. ಕೇಳಿ ಮುಗಿಸಿದ ರಾಲಿತ್ಸಾ, ನಮ್ಮವರ ಬಾಯಲ್ಲಿ ಯಾವಾಗಲೂ ಮೊದಲು ಬರುವ ಪ್ರಶ್ನೆಯನ್ನೇ ಕೇಳಿದಳು. “ನಿಮ್ಮ ಹತ್ರ ಇರೋದು ಯಾವ ವರ್ಷನ್ನು?”

“ಯಾವ ವರ್ಷನ್ನೋ ನನಗೇನು ಗೊತ್ತು ಹುಡುಗಿ. ಇಳಿಸ್ಕೊಳ್ಳಿ ಅಂತಿತ್ತು, ಇಳಿಸ್ಕೊಂಡೆ.”

“ಇನ್ನೊಂದು ಕಡೆ ಕಾಪಿ ಮಾಡಿ ಇಟ್ಟಿರಲಿಲ್ವಾ?” ಗಾಂಚೊ ಕೇಳಿದ.

“ಹಾಗೇ ಇರುತ್ತೆ ಅಂತ ನೀವೇ ಬರೆದಿದ್ರಲ್ಲ. ಇರೋದನ್ನ ಯಾರಾದ್ರೂ ಎರಡೆರಡು ಸಲ ಇಡ್ತಾರಾ? ನಾನೂ ಗಾಬ್ರೊವೊದೋಳೇ.”

ಗಾಂಚೊಗೆ ನಗು ಬಂತು, ನುಂಗಿಕೊಂಡ. ಬಾಗಿಲು ಬೇಗ ಮುಚ್ಚಿ ಒಲೆಯ ಬಿಸಿ ಉಳಿಯಲಿ ಎಂದು ಬೆಕ್ಕಿನ ಬಾಲ ಕತ್ತರಿಸಿದ ಜಿಪುಣರ ಊರು ನಮ್ಮದು ಅಂತ ದೇಶವೇ ಆಡಿಕೊಳ್ಳುತ್ತದೆ.

“ಆ ಪುಟ ನಾನೇ ಬರೆದದ್ದು, ಲೆಲ್ಯಾ ವೆಲಿಕಾ,” ಅಂದಳು ರಾಲಿತ್ಸಾ. ವಯಸ್ಸಿನಲ್ಲಿ ತಾಯಿಯ ಸಾಲಿನ ಹೆಂಗಸರನ್ನು ನಾವು ಲೆಲ್ಯಾ ಅನ್ನುತ್ತೇವೆ. “ಮಾಡಿ ನೋಡಿದ ಮೇಲೇ ಬರೆದದ್ದು. ಇರಿ, ತೋರಿಸ್ತೀನಿ.”

ತನ್ನ ಲ್ಯಾಪ್‌ಟಾಪಿನಲ್ಲಿ ಮೂರು ಸುಳ್ಳು ಅಧ್ಯಾಯ ಮಾಡಿ, ಮೂರಕ್ಕೂ ಒಂದೇ ತಲೆಬರಹ ಕೊಟ್ಟು, ಜೋಡಿಸು ಒತ್ತಿದಳು. ಜೋಡಿಸಿದ ಪುಸ್ತಕದಲ್ಲಿ ಕೊನೆಯದು ಮಾತ್ರ ಉಳಿಯಿತು. ಆದರೆ ಪಕ್ಕದಲ್ಲೇ ‘ಹಳೆಯವು’ ಎಂಬ ಹೊಸ ಫೋಲ್ಡರ್ ಇತ್ತು. ಅದರೊಳಗೆ ಮೂರೂ ಅಧ್ಯಾಯಗಳು ಕ್ಷೇಮವಾಗಿದ್ದವು.

“ನೋಡಿ, ಇಲ್ಲೇ ಇವೆ.”

“ನಿನ್ನವು ಇವೆ. ನನ್ನವೆಲ್ಲಿ?”

ಅವಳ ಲ್ಯಾಪ್‌ಟಾಪಿನಲ್ಲಿ ಅದನ್ನೇ ಮಾಡಿದರು. ‘ಹಳೆಯವು’ ಎಂಬ ಫೋಲ್ಡರ್ ಹುಟ್ಟಲೇ ಇಲ್ಲ. ಎರಡು ಲ್ಯಾಪ್‌ಟಾಪುಗಳನ್ನು ಪಕ್ಕಪಕ್ಕ ಇಟ್ಟು ರಾಲಿತ್ಸಾ ಒಂದೊಂದೇ ಸೆಟ್ಟಿಂಗ್ ತೆರೆದು ಹೋಲಿಸುತ್ತಾ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಬೆರಳು ನಿಂತಿತು.

ನಮ್ಮ ಬಳಿ ಇದ್ದದ್ದು ಕಟ್ಟುವವರ ಆವೃತ್ತಿ. ಜನರಿಗೆ ತಲುಪುವ ಮೊದಲೇ ಅದು ನಮಗೆ ಬರುತ್ತದೆ, ಪುಟಗಳು ಸಮಯಕ್ಕೆ ಸಿದ್ಧವಾಗಿರಲಿ ಎಂದು. ದಿನವೂ ಒಡೆದು ಕಟ್ಟುವ ಪ್ರೋಗ್ರಾಮರ್‌ಗಳು ತಮ್ಮ ಅನುಕೂಲಕ್ಕೆ ಅದರಲ್ಲಿ ಹಳೆಯ ಪ್ರತಿಗಳು ತಾವಾಗಿಯೇ ಉಳಿಯುವಂತೆ ಮಾಡಿಕೊಂಡಿರುತ್ತಾರೆ. ಜನರ ಆವೃತ್ತಿಯಲ್ಲಿ ಆ ಏರ್ಪಾಡು ಬಂದ್ ಆಗಿರುತ್ತದೆ, ಜಾಗ ತಿನ್ನುತ್ತದೆ ಎಂದು. ನಮ್ಮಲ್ಲಿ ಯಾರೂ ಜನರ ಆವೃತ್ತಿಯನ್ನು ತೆರೆದು ನೋಡಿದವರಲ್ಲ. ಹೊಸದು ಕೈಯಲ್ಲಿರುವಾಗ ಹಳೆಯದು ಯಾಕೆ ಎಂಬ ಬಿಂಕ. ರಾಲಿತ್ಸಾ ಕಂಡದ್ದನ್ನೇ ಬರೆದಿದ್ದಳು. ಪರೀಕ್ಷಿಸಿದವರಿಗೂ ಅದೇ ಕಂಡಿತ್ತು. ದೀಪ ಹಚ್ಚಿದ ಮನೆಯಲ್ಲಿ ಕೂತು, ಕತ್ತಲಲ್ಲಿ ನಡೆಯುವವರಿಗೆ ದಾರಿ ಹೇಳಿದ್ದೆವು.

“ಸೋಫಿಯಾದೋರು ನನ್ನ ತಪ್ಪು ಅಂದ್ರು,” ವೆಲಿಕಾ ಹೇಳಿದಳು. “ಗಿರಣೀಲಿ ತೋಟಾ ಅಂತ ಒಬ್ಳಿದ್ಳು. ಉಣ್ಣೆ ಹಿಂಜೋ ಯಂತ್ರಕ್ಕೆ ತಗಡಿನ ಮುಚ್ಚಳ ಇರ್ತಿತ್ತು. ಬೇಗ ಕೆಲಸ ಆಗ್ಲಿ ಅಂತ ಮೇಸ್ತ್ರಿ ಅದನ್ನ ತೆಗೆಸಿಟ್ಟಿದ್ದ. ಅವಳ ಬೆರಳು ಹೋಯ್ತು. ಗೇಟ್ ಹತ್ರ ಬೋರ್ಡಲ್ಲಿ ಏನು ಬರೆದ್ರು ಗೊತ್ತಾ? ‘ಕೆಲಸಗಾರ್ತಿಯ ಅಜಾಗರೂಕತೆ.’ ಅದನ್ನೆಲ್ಲ ಅವಳು ನನಗೆ ಹೇಳಿದ್ಳು, ನಾನು ಬರ್ಕೊಂಡಿದ್ದೆ. ಚಳಿಗಾಲದಲ್ಲಿ ತೋಟಾ ಹೋದ್ಳು. ಈಗ ಅವಳ ಮಾತೂ ಹೋಯ್ತು.”

ಯಾರೂ ಬಾನಿತ್ಸಾ ಮುಟ್ಟಲಿಲ್ಲ.

“ನಾವೇನು ಮಾಡ್ಬೇಕು, ಹೇಳಿ,” ಅಂದಳು ರಾಲಿತ್ಸಾ.

“ತೋಟಾನ ವಾಪಸ್ ಕೊಡಿ ಅನ್ನಲ್ಲ. ಆ ಸಾಲು ತೆಗೀರಿ. ನನ್ನ ಹೆಸರಿನ ಮುಂದೆ ‘ತಪ್ಪು’ ಅಂತ ಬರೆದಿದ್ದಾರಲ್ಲ, ಅದನ್ನೂ ತೆಗೀರಿ. ಬೇರೇನೂ ಬೇಡ.”

ಆ ಸಂಜೆಯೇ ರಾಲಿತ್ಸಾ ಪುಟವನ್ನು ತಿದ್ದಿದಳು. ಹೆದರಬೇಡಿ ಎಂದಿದ್ದ ಕಡೆ ಹೀಗೆ ಬರೆದಳು: ‘ಜೋಡಿಸಿದ ಮೇಲೆ ಬಿಡಿ ಅಧ್ಯಾಯಗಳು ಉಳಿಯುವುದಿಲ್ಲ. ಒಂದೇ ತಲೆಬರಹ ಇದ್ದರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಒತ್ತುವ ಮೊದಲು ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಡಿ.’ ಮರುದಿನ ನೋಡಿದರೆ ಪುಟ ಮತ್ತೆ ಹೆದರಬೇಡಿ ಎನ್ನುತ್ತಿತ್ತು. ಸೋಫಿಯಾದ ಸ್ಟಾಮೆನ್ ತಿದ್ದುಪಡಿಯನ್ನು ಹಿಂದಕ್ಕೆ ಹಾಕಿದ್ದ.

ಸ್ಟಾಮೆನ್ ಎಲ್ಲ ಊರುಗಳ ಸಹಾಯ ಪುಟಗಳನ್ನೂ ಒಟ್ಟು ಮಾಡುವವನು. ಅವನಿಗೂ ಸಂಬಳವಿಲ್ಲ. ಹಗಲು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆದು, ಉಳಿದ ಹೊತ್ತಿನಲ್ಲಿ ದೂರು ಓದುವವನು. ರಾಲಿತ್ಸಾ ಅವನಿಗೆ ವಿಡಿಯೋ ಕರೆ ಮಾಡಿದಳು. ಅವಳ ಹಿಂದೆ ನಾವೆಲ್ಲ ಕೂತಿದ್ದೆವು.

“ಪಠ್ಯಕ್ಕೆ ಬೀಗ ಬಿದ್ದಿದೆ, ಇನ್ನು ತಿದ್ದೋ ಹಾಗಿಲ್ಲ, ರಾಲಿ. ನಿನಗೆ ಗೊತ್ತಿಲ್ದೇ ಇರೋದಾ?” ಅಂದ ಸ್ಟಾಮೆನ್. “ನಿನ್ನ ಪುಟದಿಂದಲೇ ಬೇರೆ ಭಾಷೆಯೋರು ಅನುವಾದ ಮಾಡ್ತಿದ್ದಾರೆ. ನೀನು ಒಂದು ಸಾಲು ತಿದ್ದಿದ್ರೆ ಅಷ್ಟೂ ಭಾಷೇಲಿ ಆ ಪುಟ ಬಿದ್ದು ಹೋಗುತ್ತೆ. ಅವರ ಹತ್ರ ಬೈಸ್ಕೊಳ್ಳೋನು ನಾನು.”

“ಸುಳ್ಳು ಬಿದ್ದು ಹೋದ್ರೆ ಬೀಳ್ಲಿ.”

“ಸುಳ್ಳಲ್ಲ. ಹಳೇ ಪ್ರತಿ ಉಳಿಸೋದನ್ನ ಎಲ್ಲರಿಗೂ ಆನ್ ಮಾಡ್ತೀವಿ ಅಂತ ಪ್ರೋಗ್ರಾಮರ್‌ಗಳು ಅಂದಿದ್ದಾರೆ. ಆಗ ನಿನ್ನ ಸಾಲು ನಿಜ ಆಗುತ್ತೆ.”

“ಆಗೋ ತನಕ ಏನದು?”

ಸ್ಟಾಮೆನ್ ಕಣ್ಣುಜ್ಜಿಕೊಂಡ. “ನೋಡು, ಸಹಾಯ ಪುಟಾನ ಯಾರು ಓದ್ತಾರೆ? ನಿಜ ಹೇಳು.”

“ಓದಿದೋಳು ನಮ್ಮ ಮೆಟ್ಟಿಲು ಹತ್ತಿ ಬಂದಿದ್ಳು.”

“ಒಬ್ಳು.”

“ಸ್ಟಾಮೆನ್, ನೀನು ನನ್ನ ಶಿಷ್ಯ ಆಗಿದ್ದಿದ್ರೆ ನಿನ್ನನ್ನ ಭೂಪಟದ ಮುಂದೆ ನಿಲ್ಲಿಸ್ತಿದ್ದೆ,” ಅಂತ ಹಿಂದಿನಿಂದ ಗಾಂಚೊ ಕೂಗಿದ. “ಸೇತುವೆ ಇಲ್ದಿರೋ ಕಡೆ ಸೇತುವೆ ಬರೆದು, ಮುಂದೆ ಕಟ್ಟಿಸ್ತಾರೆ ಅನ್ನೋದಾ?”

“ನಮಸ್ಕಾರ ಬಾಯ್ ಗಾಂಚೊ. ಪುಟಕ್ಕೆ ಅಂಚು ಬಿಡೋದು ಹೇಗೆ ಅಂತ ನೀವು ಬರೆದ ಸಹಾಯ ಪುಟ ಇನ್ನೂ ನನ್ನ ಹತ್ರ ಇದೆ. ಅಂಚಿನ ಇತಿಹಾಸ ಮುಗಿಯೋದ್ರಲ್ಲಿ ಪುಟ ಮುಗಿದಿತ್ತು.”

ರಾಲಿತ್ಸಾ ವೆಲಿಕಾಳ ದೂರಿನ ಮಾತೆತ್ತಿದಳು. ಅದನ್ನು ಮತ್ತೆ ತೆರೆದರೆ ಕಟ್ಟುವವರ ಆವೃತ್ತಿ ನೋಡಿ ಬರೆದ ಪ್ರತಿಯೊಂದು ಪುಟವನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ, ಅಂದರೆ ಎಲ್ಲವನ್ನೂ, ಅದಕ್ಕೆ ಜನ ಎಲ್ಲಿದ್ದಾರೆ ಎಂದು ಸ್ಟಾಮೆನ್ ಕೇಳಿದ. ಶರತ್ಕಾಲಕ್ಕೆ ಹೊಸ ಆವೃತ್ತಿ ದೇಶದ ಎಲ್ಲ ಓದುಮನೆಗಳಿಗೂ ಹೋಗಲಿದೆ ಎಂದೂ ನೆನಪಿಸಿದ. ಪುಟ ಬರೆದವರೇ ಕೊನೆಗೆ ಅದನ್ನು ನೋಡಿ ‘ಕಳಿಸು’ ಒತ್ತಬೇಕು ಎಂಬುದು ನಮ್ಮಲ್ಲಿ ಮೊದಲಿನಿಂದ ಬಂದ ಕಟ್ಟಳೆ. “ನೀನು ಒತ್ತು, ಸಾಕು. ಉಳಿದದ್ದು ಆಮೇಲೆ ನೋಡೋಣ,” ಅಂದ.

ಎಲ್ಲ ಓದುಮನೆಗಳಿಗೂ. ಅಂದರೆ ಪ್ರತಿ ಊರಿನಲ್ಲೂ ಹಾಡು ಬರೆದಿಟ್ಟವರು, ಊರಿನ ಕಥೆ ಬರೆದಿಟ್ಟವರು, ಸತ್ತವರ ಮಾತು ಬರೆದಿಟ್ಟವರು. ಅವರೆಲ್ಲ ಒಂದು ದಿನ ಜೋಡಿಸು ಎಂಬ ಗುಂಡಿಯ ಎದುರು ಕೂರುತ್ತಾರೆ.

ಮುಂದಿನ ಶನಿವಾರ ರಾಲಿತ್ಸಾ ವೆಲಿಕಾಳನ್ನು ಕರೆಸಿದಳು. “ಲೆಲ್ಯಾ, ನಾವು ಬರೆದದ್ದನ್ನ ನೀವು ಓದ್ತಾ ಓದ್ತಾ ಹೇಗೆ ಮಾಡ್ತೀರಿ ಅಂತ ನೋಡ್ಬೇಕು. ಬೇರೊಂದು ಪುಟ, ಏನೂ ಅಳಿಸಿ ಹೋಗಲ್ಲ. ಓದಿ, ಅದು ಹೇಳಿದ್ದನ್ನ ಮಾಡಿ. ನಾನು ಹಿಂದೆ ಕೂತು ನೋಡ್ತೀನಿ.”

ವೆಲಿಕಾ ಕನ್ನಡಕ ಹಾಕಿಕೊಂಡು ಓದಲು ಶುರುಮಾಡಿದಳು. ಮೊದಲ ಸಾಲಿಗೇ ರಾಲಿತ್ಸಾಳ ಬಾಯಿ ತೆರೆಯಿತು.

“ಮೇಲೆ, ಎಡಗಡೆ. ಇನ್ನೂ ಎಡಕ್ಕೆ. ಅದಲ್ಲ, ಅದರ ಪಕ್ಕದ್ದು.”

“ಪುಟದಲ್ಲಿ ಎಡಗಡೆ ಅಂತಿಲ್ಲ.”

“ಹೌದು, ಆದ್ರೆ ಎಲ್ಲರಿಗೂ...” ಎಂದವಳು ತಡೆದುಕೊಂಡಳು. ಎರಡು ಸಾಲು ಕಳೆಯುವಷ್ಟರಲ್ಲಿ ಮತ್ತೆ, “ಈಗ ಬಲಗಡೆ ಒತ್ತಿ,” ಎಂದಳು.

ವೆಲಿಕಾ ಕನ್ನಡಕ ತೆಗೆದು ತಿರುಗಿ ನೋಡಿದಳು. “ನೀನೇನಾದ್ರೂ ಮೌನದ ನೀರು ತರೋ ಹುಡುಗಿ ಆಗಿದ್ದಿದ್ರೆ, ಊರೆಲ್ಲ ಬಾಯಾರಿ ಸಾಯ್ತಿತ್ತು.”

ಗಾಂಚೊ ಮೇಜು ತಟ್ಟಿ ನಕ್ಕ. ಹಬ್ಬದ ಬೆಳಗ್ಗೆ ಹುಡುಗಿ ಒರತೆಯಿಂದ ನೀರು ತುಂಬಿಕೊಂಡು, ದಾರಿಯಲ್ಲಿ ಯಾರೊಂದಿಗೂ ಮಾತಾಡದೆ ಮನೆಗೆ ತರಬೇಕು. ಬೇಲಿ ಬೇಲಿಯ ಹಿಂದೆ ಹುಡುಗರು ನಿಂತು ಕೆಣಕುತ್ತಾರೆ. ಒಂದು ಮಾತು ಆಡಿದಳೋ, ನೀರು ಕೆಟ್ಟಿತು. ಅಲ್ಲೇ ಚೆಲ್ಲಿ, ಮತ್ತೆ ಒರತೆಗೆ ಹೋಗಿ ಮೊದಲಿನಿಂದ ತುಂಬಬೇಕು.

ಗಾಂಚೊ ಎದ್ದು ಕೆಳಗೆ ಹೋಗಿ, ಕುಣಿತದ ತರಗತಿಯ ಕಪಾಟಿನಿಂದ ಪುಟ್ಟ ತಾಮ್ರದ ಕೊಡ ತಂದ. ನಲ್ಲಿಯಲ್ಲಿ ನೀರು ತುಂಬಿ ರಾಲಿತ್ಸಾಳ ಮಡಿಲಲ್ಲಿ ಇಟ್ಟ. “ತಗೋ. ಮಾತಾಡಿದ್ರೆ ಪುಟ ಕೆಟ್ಟ ಹಾಗೆ. ನೀರು ಚೆಲ್ಲು, ಪುಟಾನ ಮೊದಲಿಂದ ಬರಿ.”

ತಮಾಷೆಗೆ ಹುಟ್ಟಿದ್ದು ಕಟ್ಟಳೆಯಾಯಿತು. ಆ ಬೇಸಿಗೆಯೆಲ್ಲ ಶನಿವಾರಗಳಂದು ಪೆರೊವನ್ನು ಕಂಡೇ ಇರದ ಒಬ್ಬೊಬ್ಬರನ್ನು ನಾವು ಹಿಡಿದು ತಂದೆವು. ಅವರ ಮುಂದೆ ಜನರ ಆವೃತ್ತಿ, ಹಿಂದೆ ಪುಟ ಬರೆದವರು, ಬರೆದವರ ಮಡಿಲಲ್ಲಿ ಕೊಡ. ಔಷಧಿ ಅಂಗಡಿಯಾಕೆ ಬಂದಳು. ‘ಸೂಕ್ತ ಆಯ್ಕೆಯನ್ನು ಆರಿಸಿಕೊಳ್ಳಿ’ ಎಂಬ ಸಾಲಿನ ಮುಂದೆ ಚರ್ಚಿನ ಪಾದ್ರಿ ಬಹಳ ಹೊತ್ತು ಗಡ್ಡ ನೀವಿಕೊಂಡರು. “ಸೂಕ್ತ ಯಾವುದು ಅಂತ ಗೊತ್ತಿದ್ದಿದ್ರೆ ನಿಮ್ಮ ಪುಟಕ್ಕೆ ಯಾಕಪ್ಪಾ ಬರ್ತಿದ್ದೆ?” ಎಂದರು. ಕುಣಿತದ ಮೇಷ್ಟ್ರು ‘ಈಗ ಒತ್ತಿ’ ಎಂದು ಓದಿ ಒತ್ತಿಯೇ ಬಿಟ್ಟ. ಅದರ ಕೆಳಗಿನ ಸಾಲು ‘ಒತ್ತುವ ಮೊದಲು ಎಚ್ಚರ’ ಎಂದು ಶುರುವಾಗುತ್ತಿತ್ತು. ಅವನ ಹಿಂದೆ ಕೊಡ ಹಿಡಿದು ಕೂತಿದ್ದ ಗಾಂಚೊ, “ಅಯ್ಯೋ ಕೆಳಗೆ ಓದೋ,” ಅಂದುಬಿಟ್ಟ. ಎಲ್ಲರೂ ಅವನ ಮಡಿಲು ನೋಡಿದರು. ಎದ್ದು ಹೋಗಿ ನೀರು ಚೆಲ್ಲಿ ಬಂದ.

“ಯಾಂತ್ರಾ ಹೊಳೆ ತುಂಬಿ ಹರೀತಿದೆಯಂತಲ್ಲ, ಬಾಯ್ ಗಾಂಚೊ. ಮೇಲ್ಗಡೆ ಮಳೆಯೇ ಇಲ್ವಲ್ಲ,” ಎಂದು ವೆಲಿಕಾ ಅವನನ್ನು ಕಾಡುತ್ತಿದ್ದಳು. ಅಷ್ಟು ನೀರು ಚೆಲ್ಲಿದ್ದ ಅವನು.

ಪುಟಗಳು ನಿಧಾನವಾಗಿ ಬೇರೆಯಾದವು. ಎಚ್ಚರದ ಮಾತು ಒತ್ತುವ ಮಾತಿಗಿಂತ ಮೇಲಕ್ಕೆ ಬಂತು. ‘ಸುಲಭವಾಗಿ’, ‘ಸುಮ್ಮನೆ’, ‘ಎಂದಿನಂತೆ’ ಎಂಬ ಪದಗಳು ಉದುರಿ ಹೋದವು. ಅಂಚಿನ ಇತಿಹಾಸವನ್ನು ಗಾಂಚೊ ತಾನೇ ಕಿತ್ತುಹಾಕಿದ, ಒಂದು ವಾರ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಈ ಪುಟಗಳನ್ನು ಮಾತ್ರ ಎಲ್ಲಿಗೂ ಕಳಿಸುವಂತಿರಲಿಲ್ಲ. ಬೀಗ ಬಿದ್ದಿತ್ತು. ‘ಹೆದರಬೇಡಿ’ ಎಂಬ ಸಾಲು ಇದ್ದಲ್ಲೇ ಇತ್ತು, ವೆಲಿಕಾಳ ಹೆಸರಿನ ಮುಂದಿನ ಮಾತೂ ಇದ್ದಲ್ಲೇ ಇತ್ತು.

ಅವಳು ಅಷ್ಟರಲ್ಲಿ ಬದುಕಿರುವವರ ಮನೆಗಳಿಗೆ ಮತ್ತೆ ಹೋಗಿದ್ದಳು. ಎರಡನೆಯ ಸಲ ಹೇಳುವಾಗ ಹೆಂಗಸರು ಚುಟುಕಾಗಿ ಹೇಳಿದರು. ಕೆಲವರು, “ಹೇಳಿದ್ನಲ್ಲೇ ಅವತ್ತು, ಮತ್ತೇನು,” ಎಂದರು. ಸಿಕ್ಕಷ್ಟನ್ನು ಬರೆದುಕೊಂಡಳು.

ಸೆಪ್ಟೆಂಬರಿನಲ್ಲಿ ಸ್ಟಾಮೆನ್ ತಾನೇ ಬಂದ. ಸೋಫಿಯಾದಿಂದ ಬಸ್ಸಿನಲ್ಲಿ, ಬೆನ್ನಚೀಲದಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ನಮಗೆಂದು ಒಂದು ಪೆಟ್ಟಿಗೆ ಲೋಕುಮ್ ಮಿಠಾಯಿ. ಪರದೆಯಲ್ಲಿ ಕಂಡದ್ದಕ್ಕಿಂತ ತೆಳ್ಳಗಿದ್ದ, ಕಣ್ಣ ಕೆಳಗೆ ಕಪ್ಪು. ಎಲ್ಲ ಊರಿನವರೂ ಕಳಿಸಿದ್ದರು, ಗಾಬ್ರೊವೊದ ಪುಟಗಳು ಮಾತ್ರ ಬಾಕಿ.

“ಜಗಳಕ್ಕೆ ಬಂದಿಲ್ಲ ರಾಲಿ,” ಅಂದ ಕೂರುತ್ತಾ. “ಹೊಸ ವರ್ಷನ್ ತಂದಿದ್ದೀನಿ. ಪ್ರೋಗ್ರಾಮರ್‌ಗಳು ಅದನ್ನ ಸರಿ ಮಾಡಿದ್ದೀವಿ ಅಂದಿದ್ದಾರೆ. ಆ ಹೆಂಗಸೇ ಬಂದು ನನ್ನೆದುರಿಗೇ ಮಾಡಿ ನೋಡ್ಲಿ. ಸರಿಯಾದ್ರೆ ನೀನು ಇವತ್ತೇ ಕಳಿಸ್ಬೇಕು. ಆಯ್ತಾ?”

“ಆಯ್ತು. ಆದ್ರೆ ಕೊಡ ನಿನ್ನ ಮಡಿಲಲ್ಲಿ.”

ಕೊಡದ ಸಮಾಚಾರ ಕೇಳಿ ಸ್ಟಾಮೆನ್ ಮನಸಾರೆ ನಕ್ಕ. ಗಾಬ್ರೊವೊದವರು ಮಾತನ್ನೂ ಉಳಿತಾಯ ಖಾತೆಗೆ ಹಾಕುತ್ತಾರೆ ಅಂದ. ತುಂಬಿದ ಕೊಡವನ್ನು ಪ್ಯಾಂಟು ನೆನೆಯದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ.

ವೆಲಿಕಾ ಬಂದಳು. ಹೊಲಿಗೆಯ ನೂಲು ತೋಳಿಗೆ ಅಂಟಿಕೊಂಡೇ ಇತ್ತು. ಸ್ಟಾಮೆನ್‌ನ ಲ್ಯಾಪ್‌ಟಾಪಿಗೆ ತನ್ನ ಪೆನ್‌ಡ್ರೈವ್ ಸಿಕ್ಕಿಸಿದಳು. ಅದರಲ್ಲಿ ಎರಡನೆಯ ಸಲ ಬರೆದುಕೊಂಡ ಮಾತುಗಳಿದ್ದವು.

“ನಿಜವಾದ ಫೈಲುಗಳಾ ಲೆಲ್ಯಾ?” ರಾಲಿತ್ಸಾ ಮೆಲ್ಲಗೆ ಕೇಳಿದಳು.

“ಇನ್ಯಾವ್ದು ತರ್ಲಿ? ಈ ಪುಟ ಇರೋದು ಇವಕ್ಕೇ ತಾನೇ.”

ಪುಟವನ್ನು ತೆರೆದು ಗಟ್ಟಿಯಾಗಿ ಓದಿದಳು. ‘ಅಧ್ಯಾಯಗಳನ್ನು ಆರಿಸಿ.’ ಆರಿಸಿದಳು. ‘ಜೋಡಿಸು ಒತ್ತಿ. ಹೆದರಬೇಡಿ, ಹಳೆಯ ಪ್ರತಿಗಳು ಹಾಗೇ ಇರುತ್ತವೆ.’ ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಕೆಳಗಿನ ಮಹಡಿಯಲ್ಲಿ ಮಕ್ಕಳು ಕುಣಿತಕ್ಕೆ ಹೆಜ್ಜೆ ಹಾಕುವ ಸದ್ದು ಕೇಳುತ್ತಿತ್ತು. ಬೆರಳು ಅಲ್ಲೇ ಇತ್ತು. ಸ್ಟಾಮೆನ್ ಒಮ್ಮೆ ಅವಳನ್ನು, ಒಮ್ಮೆ ಪರದೆಯನ್ನು ನೋಡಿದ. ಕೊಡದೊಳಗಿನ ನೀರು ಅಲುಗಾಡಿತು.

“ಒತ್ತಿ ಅಮ್ಮ. ಏನೂ ಆಗಲ್ಲ,” ಅಂದ.

ವೆಲಿಕಾ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

“ಅವತ್ತು ಪುಟವೂ ಇದನ್ನೇ ಹೇಳ್ತು,” ಅಂದಳು. “ನೀವು ನಿಮ್ಮದೇ ಯಾವ್ದಾದ್ರೂ ಫೈಲ್ ಹಾಕಿ ಒತ್ತಿ. ಆಮೇಲೆ ನಾನು ಒತ್ತೀನಿ.”

“ನನ್ನದಾ?”

“ನಿಮಗೆ ಬೇಕಾಗಿರೋದು ಯಾವುದಾದ್ರೂ. ಹೋದ್ರೆ ಹೋಗ್ಲಿ ಅನ್ನೋದಲ್ಲ.”

ಸ್ಟಾಮೆನ್ ನಗುತ್ತಲೇ ಕೊಡವನ್ನು ನೆಲಕ್ಕಿಟ್ಟು ಕುರ್ಚಿ ಎಳೆದುಕೊಂಡ. ಅವನ ಬಳಿಯೂ ಒಂದು ಬರಹವಿತ್ತು. ಅವನ ತಾತ ಸೇನೆಯಲ್ಲಿದ್ದಾಗಿನ ನೆನಪುಗಳನ್ನು ಅಧ್ಯಾಯ ಅಧ್ಯಾಯವಾಗಿ ಟೈಪ್ ಮಾಡಿಟ್ಟಿದ್ದ. ಆ ಫೋಲ್ಡರ್ ತೆರೆದ. ಆಮೇಲೆ ಅವನ ಕೈ ತನ್ನ ಪಾಡಿಗೆ ಬೆನ್ನಚೀಲದ ಪಕ್ಕದ ಜೇಬಿಗೆ ಹೋಯಿತು, ಅಲ್ಲಿಂದ ತನ್ನ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿತು, ತಾತನ ಫೋಲ್ಡರ್ ಅನ್ನು ಅದರೊಳಕ್ಕೆ ನಕಲು ಮಾಡತೊಡಗಿತು. ಹಸಿರು ಪಟ್ಟಿ ಅರ್ಧ ತುಂಬುವವರೆಗೂ ಅವನಿಗೆ ತಾನೇನು ಮಾಡುತ್ತಿದ್ದೇನೆಂಬ ಅರಿವಿರಲಿಲ್ಲ. ಕೋಣೆ ಸುಮ್ಮನಾದದ್ದರಿಂದ ಅರಿವಾಗಿ ತಲೆಯೆತ್ತಿದ.

ನಾವೆಲ್ಲ ಅವನ ಕೈ ನೋಡುತ್ತಿದ್ದೆವು.

“ಇದು ಅಭ್ಯಾಸ,” ಅಂದ. “ಎಲ್ಲರೂ ಮಾಡ್ತಾರೆ.”

“ಯಾರು ಎಲ್ಲರೂ?” ವೆಲಿಕಾ ಕೇಳಿದಳು. “ನಾನು ಮಾಡ್ಲಿಲ್ಲ. ಹಂಗೆ ಮಾಡ್ಬೇಕು ಅಂತ ಪುಟದಲ್ಲಿ ಬರೆದಿರಲಿಲ್ಲ.”

ನಕಲು ಮುಗಿಯಿತು. ಸ್ಟಾಮೆನ್ ಬಿಗಿದ ಮುಖದಲ್ಲಿ ಜೋಡಿಸು ಒತ್ತಿದ. ತಾತನ ಅಧ್ಯಾಯಗಳಿಗೆ ಬೇರೆ ಬೇರೆ ತಲೆಬರಹವಿತ್ತು, ಜೋಡಣೆ ಸರಿಯಾಗಿಯೇ ಆಯಿತು. ಅವನು ಬಿಡಿ ಕಡತಗಳಿದ್ದ ಜಾಗ ತೆರೆದ. ಮೇಲೆ ಕೆಳಗೆ ಹುಡುಕಿದ. ‘ಹಳೆಯವು’ ಎಂಬ ಫೋಲ್ಡರ್ ಇರಲಿಲ್ಲ. ಸೆಟ್ಟಿಂಗ್ ತೆರೆದು ನೋಡಿದ. ಹಳೆಯ ಪ್ರತಿ ಉಳಿಸುವ ಏರ್ಪಾಡು ಇನ್ನೂ ಬಂದ್ ಆಗಿಯೇ ಇತ್ತು.

“ಸರಿ ಮಾಡಿದ್ದೀವಿ ಅಂದಿದ್ರು,” ಅಂತ ತನಗೇ ಹೇಳಿಕೊಂಡ.

ಗಾಂಚೊ ಒಂದು ತುಂಡು ಲೋಕುಮ್ ಬಾಯಿಗೆ ಹಾಕಿಕೊಂಡು, ಅದನ್ನು ಅಗಿಯುತ್ತಾ ಕಿಟಕಿಯ ಕಡೆ ತಿರುಗಿದ. ಮಾತಾಡಬಾರದೆಂದೇ ಹಾಕಿಕೊಂಡದ್ದು.

ಸ್ಟಾಮೆನ್ ನಿಧಾನವಾಗಿ, ಬಹಳ ದಣಿದವನ ದನಿಯಲ್ಲಿ ಲೆಕ್ಕ ಒಪ್ಪಿಸಿದ. ಅನುವಾದದವರು ಕಾಯುತ್ತ ಕೂತಿದ್ದಾರೆ. ಓದುಮನೆಗಳಿಗೆ ಮಾತು ಕೊಟ್ಟಾಗಿದೆ. ಗಾಬ್ರೊವೊ ಒಂದರಿಂದ ಎಲ್ಲ ನಿಂತರೆ ನಿಂದಿಸುವುದು ಪ್ರೋಗ್ರಾಮರ್‌ಗಳನ್ನಲ್ಲ, ಪುಟ ಬರೆಯುವವರನ್ನು. ಮುಂದಿನ ವರ್ಷ ನಮಗೆ ಯಾರೂ ಆವೃತ್ತಿಯನ್ನು ಮುಂಚಿತವಾಗಿ ಕೊಡುವುದಿಲ್ಲ. ವೆಲಿಕಾಳ ದೂರನ್ನು ಮತ್ತೆ ತೆರೆಯುತ್ತೇನೆ, ಆ ಮಾತನ್ನು ಅಳಿಸುತ್ತೇನೆ, ಅದು ನನ್ನ ಕೈಯಲ್ಲಿದೆ. ಸಾಲು ಮಾತ್ರ ಈ ಸಲಕ್ಕೆ ಹಾಗೇ ಹೋಗಲಿ.

“ಅಮ್ಮ, ನಿಮ್ಮ ಹೆಸರು ಇವತ್ತೇ ಸರಿ ಮಾಡ್ತೀನಿ,” ಅಂದ. “ಅಷ್ಟಾದ್ರೆ ಸಾಕಲ್ವಾ?”

ವೆಲಿಕಾ ತನ್ನ ಪೆನ್‌ಡ್ರೈವ್ ಕಿತ್ತು, ಅದಕ್ಕೆ ಅಂಟಿದ್ದ ನೂಲಿನೆಳೆಯನ್ನು ಬಿಡಿಸಿ ಚೀಲಕ್ಕೆ ಹಾಕಿಕೊಂಡಳು. “ನನ್ನ ಒಬ್ಬಳ ಹೆಸರು ಅಳಿಸಿ, ಮುಂದೆ ಒತ್ತೋರ ಹೆಸರನ್ನೆಲ್ಲ ಬರ್ಕೊಳ್ತೀರಾ?” ಅಂದಳು. ಕೋಪವಿರಲಿಲ್ಲ ಆ ದನಿಯಲ್ಲಿ, ಬಟ್ಟೆ ಅಳತೆ ಕೇಳಿದ ಹಾಗಿತ್ತು.

ಸ್ಟಾಮೆನ್ ರಾಲಿತ್ಸಾಳ ಲ್ಯಾಪ್‌ಟಾಪನ್ನು ಅವಳ ಮುಂದಕ್ಕೆ ಸರಿಸಿದ. ಅದರಲ್ಲಿ ಆ ಪುಟ ತೆರೆದಿತ್ತು. ಬಲಗಡೆ ಕೆಳಗೆ ನೀಲಿ ಬಣ್ಣದಲ್ಲಿ ‘ಕಳಿಸು’ ಎಂದಿತ್ತು.

“ಕಳಿಸು ರಾಲಿ. ಹೇಳೋದೆಲ್ಲ ಹೇಳಿಯಾಯ್ತು. ನಾನು ಹೇಳ್ತಿದ್ದೀನಿ, ಕಳಿಸು.”

ರಾಲಿತ್ಸಾ ಬಗ್ಗಿ, ಅವನ ಕಾಲ ಬಳಿ ಇದ್ದ ಕೊಡವನ್ನು ಎತ್ತಿಕೊಂಡಳು. ಅದು ಇನ್ನೂ ಕಂಠದವರೆಗೆ ತುಂಬಿತ್ತು.

“ನೀನು ಮಾತಾಡಿದೆ, ಸ್ಟಾಮೆನ್. ಪುಟ ಕೆಟ್ಟಿದೆ,” ಅಂದಳು. “ಇದನ್ನ ನಾನು ಕಳಿಸಲ್ಲ.”

ಕೊಡ ಹಿಡಿದುಕೊಂಡು ನೀರು ಚೆಲ್ಲಲು ಮೆಟ್ಟಿಲಿಳಿದಳು.